ಪಾರ್ಸೆಲ್ ಬಂದದ್ದು 61, ಹೋದದ್ದು 3: ನಮ್ಮೂರು ಬೆಳೆಯುತ್ತಿದೆಯಾ?

ಜೆರಾಕ್ಸ್ ಅಕ್ಕ (ಚಿತ್ತಾಪುರ ತಾಲೂಕು)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಅದರ ಹಿಂದಿನ ಕಥೆ ಉದ್ದ. ಬೇಸರ ಮಾಡ್ಕೋಬೇಡಿ.

ನಮ್ಮದು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ. ಒಂಬೈನೂರು ಮನೆ ಇರಬಹುದು. ಬಸ್‌ಸ್ಟ್ಯಾಂಡ್ ಎದುರಿಗೆ ನನ್ನದೊಂದು ಅಂಗಡಿ. 1999ರಲ್ಲಿ ನಮ್ಮ ಮನೆಯವರು ಅದನ್ನು ಎಸ್‌ಟಿಡಿ ಬೂತ್ ಅಂತ ಶುರು ಮಾಡಿದರು. ಹಳದಿ ಬೋರ್ಡು, ಗಾಜಿನ ಗೂಡು, ಒಳಗೊಂದು ಸ್ಟೂಲು. ಪುಣೆ, ಮುಂಬೈಗೆ ಗುಳೆ ಹೋದವರು ಭಾನುವಾರ ಫೋನ್ ಮಾಡುತ್ತಿದ್ದರು. ನಾನು ಓಣಿ ಓಣಿ ಓಡಿ ಅವರ ಮನೆಯವರನ್ನು ಕರೆದು ತರಬೇಕಿತ್ತು. ಕರೆದು ತಂದರೆ ಎರಡು ರೂಪಾಯಿ. ಹೆರಿಗೆ ಆದ ಸುದ್ದಿ, ಸತ್ತ ಸುದ್ದಿ, ಎಲ್ಲ ಮೊದಲು ನನಗೇ ಗೊತ್ತಾಗುತ್ತಿತ್ತು.

ಆಮೇಲೆ ಮೊಬೈಲ್ ಬಂತು. ಬೂತ್ ಖಾಲಿ. ರೀಚಾರ್ಜ್ ಕೂಪನ್ ಇಟ್ಟೆವು. ಕೆಲವು ವರ್ಷಕ್ಕೆ ಅದೂ ಫೋನಿನಲ್ಲೇ ಆಗತೊಡಗಿತು. ಜೆರಾಕ್ಸ್ ಮಶೀನ್ ತಂದೆವು. ಈಗ ಪಹಣಿ ತೆಗೆದು ಕೊಡುತ್ತೇನೆ. ಜಾತಿ-ಆದಾಯದ ಅರ್ಜಿ, ಬೆಳೆ ವಿಮೆ, ಹೆಬ್ಬೆಟ್ಟು ಒತ್ತಿಸಿ ದುಡ್ಡು ಕೊಡುವ ಮಶೀನು, ಪಾರ್ಸೆಲ್ ಇಳಿಸಿಕೊಳ್ಳೋದು, ಎಲ್ಲ ಇದೆ. ಹತ್ತಡಿ ಅಗಲದ ಅಂಗಡಿ, ಐದು ಸಲ ವೇಷ ಹಾಕಿದೆ. ಮನೆಯವರು ಹೋಗಿ ಆರು ವರ್ಷ ಆಯಿತು. ಈಗ ನಾನೊಬ್ಬಳೇ.

ಮೊನ್ನೆ ನನ್ನ ತಂಗಿ ಮಗ ಬಂದಿದ್ದ. ಕಲಬುರಗಿಯಲ್ಲಿ ಬಿ.ಕಾಂ ಓದುತ್ತಾನೆ. "ದೊಡ್ಡವ್ವಾ, ಡಿಜಿಟಲ್ ಬಂದ ಮ್ಯಾಲ ಎಲ್ಲಾ ಊರೂ ಬೆಳೀತಾವ. ಆದ್ರ ನೀ ಈ ಹಳ್ಳ್ಯಾಗ ಕುಂತು ಏನ್ ಮಾಡ್ತಿ? ಕಲಬುರಗ್ಯಾಗ ಸೇಡಂ ರೋಡಿಗೆ ಒಂದು ಅಂಗಡಿ ಹಿಡಿ, ಸಾಲ ಕೊಡ್ತಾರ" ಅಂದ. ಎಲ್ಲ ಊರೂ ಬೆಳೆಯುತ್ತೆ ಅಂದಮೇಲೆ ನಾನ್ಯಾಕೆ ಊರು ಬಿಡಬೇಕು ಅಂತ ಕೇಳಿದೆ. ಅವನ ಹತ್ತಿರ ಉತ್ತರ ಇರಲಿಲ್ಲ. ನಂಗೂ ನಿದ್ದೆ ಬರಲಿಲ್ಲ.

ಹಾಗಾಗಿ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸೋಮವಾರದಿಂದ ಶನಿವಾರ. ಹೆಬ್ಬೆಟ್ಟಿನ ಮಶೀನಿನಲ್ಲಿ ಜನ ತೆಗೆದುಕೊಂಡದ್ದು 1 ಲಕ್ಷ 12 ಸಾವಿರ ರೂಪಾಯಿ. ಅದರಲ್ಲಿ ಜಾಸ್ತಿ ಗೃಹಲಕ್ಷ್ಮಿ, ವೃದ್ಧಾಪ್ಯ ವೇತನ, ಹೊರಗೆ ದುಡಿಯೋ ಮಕ್ಕಳು ಕಳಿಸಿದ್ದು. ಇಲ್ಲೇ ದುಡಿದು ಇಲ್ಲೇ ಜಮಾ ಆದ ದುಡ್ಡು ಕಡಿಮೆ. ಪಾರ್ಸೆಲ್ ಊರಿಗೆ ಬಂದದ್ದು 61. ಊರಿಂದ ಹೋದದ್ದು 3. ಆ ಮೂರರಲ್ಲಿ ಎರಡು, ಅಳತೆ ಸರಿ ಇಲ್ಲ ಅಂತ ವಾಪಸ್ ಕಳಿಸಿದ ಚೂಡಿದಾರ್. ಮೂರನೆಯದು ಒಬ್ಬ ತಾಯಿ ಬೆಂಗಳೂರಿನ ಮಗನಿಗೆ ಕಳಿಸಿದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ.

ಇದೇ ಫೋನು, ಇದೇ ನೆಟ್ಟು. ಕಲಬುರಗಿ ಬೆಳೆಯುತ್ತಿರೋದು ಬಸ್ಸಿನಿಂದಲೇ ಕಾಣುತ್ತೆ. ನಮ್ಮೂರಿಗೆ ಇದರಿಂದ ದುಡ್ಡು ಬಂತಾ, ಇಲ್ಲ ಬಂದ ದುಡ್ಡು ಬೇಗ ಹೊರಗೆ ಹೋಗೋಕೆ ದಾರಿ ಆಯಿತಾ? ತಿಳಿದವರು ಹೇಳಿ. ನಾನು ಇಲ್ಲೇ ಇರಲಾ, ಹೋಗಲಾ?

ಚಹಾ-ಭಜಿ (ಶಹಾಪುರ)

ಯಕ್ಕಾ, ಹೋಗಬೇಡಿ. ಕಲಬುರಗಿಯಲ್ಲಿ ಗಲ್ಲಿಗೆ ನಾಕು ಜೆರಾಕ್ಸ್ ಅಂಗಡಿ. ಡಿಪಾಸಿಟ್ ಕೊಟ್ಟು, ಬಾಡಿಗೆ ಕಟ್ಟಿ, ಸಾಲದ ಕಂತೂ ಕಟ್ಟಿ, ಉಳಿಯೋದು ಟೋನರ್ ಪುಡಿ ಅಷ್ಟೇ.

ನನ್ನದು ಬಂಡಿ ಅಂಗಡಿ. ಡಿಜಿಟಲ್‌ನಿಂದ ನಂಗೆ ಒಳ್ಳೇದಾಗಿದೆ, ಸುಳ್ಳು ಹೇಳಲ್ಲ. ಕೊರೊನಾ ವರ್ಷ, 2020ರಲ್ಲಿ, ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಸಾಲ ಶುರುವಾಯಿತಲ್ಲ. ಮೊದಲು 10,000 ತೊಗೊಂಡೆ. ತೀರಿಸಿದೆ. ಆಮೇಲೆ 20,000 ಕೊಟ್ಟರು. ಮೊದಲಾಗಿದ್ದರೆ ಬ್ಯಾಂಕಿನ ಮೆಟ್ಟಿಲು ಹತ್ತಿದರೂ ಯಾರೂ ಮಾತಾಡಿಸುತ್ತಿರಲಿಲ್ಲ. ಬಡ್ಡಿ ಸಾಹುಕಾರನ ಹತ್ತಿರ ಬೆಳಗ್ಗೆ ಒಂಬೈನೂರು ತೊಗೊಂಡು ಸಂಜೆ ಸಾವಿರ ಕೊಡುತ್ತಿದ್ದೆ. ಆ ಲೆಕ್ಕ ಯಾರಾದರೂ ವರ್ಷಕ್ಕೆ ಮಾಡಿ ನೋಡಿ, ತಲೆ ತಿರುಗುತ್ತೆ.

ಆದರೆ 2025ರ ಜುಲೈನಲ್ಲಿ ಏನಾಯಿತು ನೆನಪಿದೆಯಲ್ಲ? ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂತು. ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಆಗಬೇಕು ಅಂತ ಕಾಯ್ದೆ. ನನ್ನ ಪಕ್ಕದವರ ಬೇಕರಿಗೂ ಬಂತು. ಅವರ ಕ್ಯೂಆರ್‌ಗೆ ಬ್ರೆಡ್ಡಿನ ದುಡ್ಡೂ ಬರುತ್ತಿತ್ತು, ಚೀಟಿ ದುಡ್ಡೂ ಬರುತ್ತಿತ್ತು, ಅಳಿಯ ವಾಪಸ್ ಕೊಟ್ಟ ಕೈಗಡವೂ ಬರುತ್ತಿತ್ತು. ಎಲ್ಲ ಸೇರಿ ವ್ಯಾಪಾರ ಅಂತಾಯಿತು. ಒಂದು ವಾರ ಇಡೀ ಬಜಾರಿನಲ್ಲಿ ಕ್ಯೂಆರ್ ಕಾಗದ ಕಿತ್ತು ಹಾಕಿ "ಕ್ಯಾಶ್ ಮಾತ್ರ" ಅಂತ ಬರೆದರು. ಹಳೇ ಬಾಕಿ ಕೇಳಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿ ಅಂತ ಸರ್ಕಾರ ಹೇಳಿದ ಮೇಲೆ ಮೆಲ್ಲಗೆ ಮತ್ತೆ ಅಂಟಿಸಿದರು. ನಾನು ಹೆದರಲಿಲ್ಲ. 40 ಲಕ್ಷದ ಭಜಿ ಮಾರಿದ್ದರೆ ಈ ಬಿಸಿಲಲ್ಲಿ ಯಾಕೆ ನಿಂತಿರುತ್ತಿದ್ದೆ?

ನಿಮ್ಮ ಪ್ರಶ್ನೆಗೆ ನೇರ ಉತ್ತರ ನನ್ನ ಹತ್ತಿರ ಇಲ್ಲ. ನಿಮ್ಮೂರಿಗೆ ನೀವೊಬ್ಬರೇ. ಅಲ್ಲಿ ನೀವು ನೂರರಲ್ಲಿ ಒಬ್ಬರು. ಅಷ್ಟೇ.

ಗಂಜ್ ಗುಮಾಸ್ತ (ಕಲಬುರಗಿ)

ತಂಗೀ, ನಾನು ಇಲ್ಲಿನ ಧಾನ್ಯದ ಮಾರ್ಕೆಟ್ಟು ನೆಹರು ಗಂಜ್‌ನ ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ 27 ವರ್ಷ ಲೆಕ್ಕ ಬರೆದವನು. ಈಗ ಮನೆಯಲ್ಲಿದ್ದೇನೆ. ಮೊಮ್ಮಗಳ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನೀವು ಕೇಳಿದ್ದನ್ನು ನಾನು ತೊಗರಿಯಲ್ಲಿ ನೋಡಿದ್ದೇನೆ.

ನಾನು ಸೇರಿದ ಹೊಸದರಲ್ಲಿ ಟೆಂಡರ್ ಅಂದರೆ ಚೀಟಿ. ಅಂಗಡಿ ಮುಂದೆ ರೈತರ ಮಾಲು ರಾಶಿ ಹಾಕಿರುತ್ತಿದ್ದರು. ಖರೀದಿದಾರ ಬರುವನು. ಒಂದು ಹಿಡಿ ತೊಗರಿ ಎತ್ತಿ, ಅಂಗೈಯಲ್ಲಿ ತಿಕ್ಕಿ, ಎರಡು ಕಾಳು ಹಲ್ಲಿಗೆ ಕೊಟ್ಟು ಕಟ್ ಅನ್ನಿಸಿ, ಚೀಟಿಯಲ್ಲಿ ರೇಟು ಬರೆದು ಹಾಕುವನು. ಆ ಹಿಡಿ ಕಾಳು ರಾಶಿಗೆ ವಾಪಸ್ ಬೀಳುತ್ತಿರಲಿಲ್ಲ, ಅದು ಬೇರೆ ಮಾತು. ಚೀಟಿ ಓದುವವನ ಕಣ್ಣಿಗೆ ಆರು ಒಂಬತ್ತಾಗುವುದು, ಒಂಬತ್ತು ಆರಾಗುವುದು ಎಲ್ಲ ಇತ್ತು. ರೈತ ದೂರ ನಿಂತು ಬೀಡಿ ಸೇದುತ್ತಿದ್ದ. ಅವನ ಮಾಲು, ಅವನಿಗೇ ಕಡೆಗೆ ಗೊತ್ತಾಗುವುದು.

2014ರಿಂದ ರಾಜ್ಯದಲ್ಲಿ ಆನ್‌ಲೈನ್ ಟೆಂಡರ್ ಶುರುವಾಯಿತು. ಕೇಂದ್ರದ ಇಂಥದೇ ಆನ್‌ಲೈನ್ ಮಾರ್ಕೆಟ್ ಇ-ನಾಮ್ ಬಂದದ್ದು ಅದಾದ ಮೇಲೆ, 2016ರಲ್ಲಿ. ಗೇಟಿನಲ್ಲೇ ಮಾಲಿಗೆ ಲಾಟ್ ನಂಬರ್. ಖರೀದಿದಾರರು ಕಂಪ್ಯೂಟರಿನಲ್ಲಿ ರೇಟು ಹಾಕಬೇಕು. ಟೈಮ್ ಆದ ಕೂಡಲೇ ಯಾರದ್ದು ಜಾಸ್ತಿ ಅಂತ ಮಶೀನೇ ಹೇಳುತ್ತೆ. ರೈತನ ಫೋನಿಗೆ ಮೆಸೇಜ್. ಒಪ್ಪಿಗೆ ಇಲ್ಲದಿದ್ದರೆ ಬೇಡ ಅನ್ನಬಹುದು. ನಮ್ಮ ಸಾಹುಕಾರರು ಆ ವರ್ಷ ಎಷ್ಟು ಬೈದರು ಅಂದರೆ ಹೇಳಬಾರದು. ಆದರೆ ನಾನು ಒಳಗೊಳಗೆ ಖುಷಿಪಟ್ಟೆ. ಆರು ಒಂಬತ್ತಾಗುವುದು ನಿಂತಿತಲ್ಲ. ಒಬ್ಬ ರೈತ ಮೊದಲ ಸಲ ಮೆಸೇಜ್ ತಂದು ತೋರಿಸಿ "ಗುಮಾಸ್ತ್ರ, ಇದ್ರಾಗ ನನ್ನ ಹೆಸರ ಐತೇನ್ರಿ?" ಅಂತ ಕೇಳಿದ್ದು ಇನ್ನೂ ಕಣ್ಣಮುಂದಿದೆ.

ಇಷ್ಟಾದ ಮೇಲೂ ದೂರದ ಖರೀದಿದಾರರು ಬಂದು ಬಿದ್ದು ರೇಟು ಏರಿಸಿದರಾ? ನಾನು ಕಂಡ ಹಾಗೆ, ಇಲ್ಲ. ಯಾಕೆ ಅಂದರೆ ಮಾಲು ಕೈಗೆ ಹತ್ತಬೇಕು. ತೊಗರಿ ಹಸಿ ಇದೆಯಾ, ಕಾಳು ಎಷ್ಟು ದಪ್ಪ, ಹುಳ ಬಿದ್ದಿದೆಯಾ, ಮಿಲ್ಲಿನಲ್ಲಿ ಹಾಕಿದರೆ ಎಷ್ಟು ಬೇಳೆ ಬೀಳುತ್ತೆ, ಇದನ್ನೆಲ್ಲ ಕಂಪ್ಯೂಟರ್ ಪರದೆ ಹೇಳಲ್ಲ. ಎಲ್ಲೋ ಕುಂತವನು ಕಾಳು ಕಚ್ಚದೆ ಲಕ್ಷ ಲಕ್ಷ ಹಾಕುತ್ತಾನಾ? ಕಡೆಗೆ ಪರದೆಯ ಮೇಲೂ ರೇಟು ಹಾಕಿದವರು ಅದೇ ಗಂಜಿನ ಹಳೇ ಮುಖಗಳೇ.

ಇನ್ನೊಂದು, ಉದ್ರಿ. ಇದನ್ನು ಯಾರೂ ಬರೆಯಲ್ಲ. ಜೂನ್‌ನಲ್ಲಿ ಬೀಜ-ಗೊಬ್ಬರಕ್ಕೆ ದುಡ್ಡು ಕೊಡುವವನು ಅಡತಿ. ಮಗಳ ಮದುವೆಗೆ ಕೊಡುವವನು ಅಡತಿ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯಿಂದ ಫೋನ್ ಬಂದರೆ ಐದು ಸಾವಿರ ಕಳಿಸುವವನೂ ಅವನೇ. ಹಂಗಾದ ಮೇಲೆ ಜನವರಿಯಲ್ಲಿ ರಾಶಿ ಆದ ತೊಗರಿ ಬೇರೆ ಕಡೆ ಇಳಿಯುತ್ತಾ? ಫೋನಿನಲ್ಲಿ ಸೋಲಾಪುರದ ರೇಟು ಇರಲಿ, ಲಾತೂರಿನದಿರಲಿ, ಟ್ರ್ಯಾಕ್ಟರ್ ಬಂದು ನಿಲ್ಲೋದು ಉದ್ರಿ ಕೊಟ್ಟವನ ಅಂಗಡಿ ಮುಂದೆ. ಆ ಉದ್ರಿ ಪುಸ್ತಕ ನಾನೇ ಬರೆದವನು, ನಂಗೆ ಗೊತ್ತು.

2017ರ ಮೊದಲ ತಿಂಗಳುಗಳು ನೆನಪಿವೆಯಾ? ಭರ್ತಿ ಬೆಳೆ. ಹಿಂದಿನ ವರ್ಷ ತೊಗರಿಗೆ ಬಂಗಾರದ ರೇಟು ಬಂದಿತ್ತು ಅಂತ ಎಲ್ಲರೂ ಅದನ್ನೇ ಬಿತ್ತಿದ್ದರು. ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ಅಂತ ಇದ್ದರೂ ಗಂಜಿನಲ್ಲಿ ಅದಕ್ಕಿಂತ ಕೆಳಗೇ ಮಾರಿದರು. ಅಷ್ಟರಲ್ಲಿ ಎಲ್ಲರ ಕೈಯಲ್ಲಿ ಫೋನು ಬಂದಿತ್ತು, ನೆಟ್ಟು ಪುಕ್ಕಟೆ ಸಿಗುತ್ತಿತ್ತು. ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಎಲ್ಲ ಊರಿನ ರೇಟು. ಎಲ್ಲ ಊರಿನಲ್ಲೂ ಬಿದ್ದಿತ್ತು. ಮೊಜಾಂಬಿಕ್‌ನಿಂದ ತೊಗರಿ ತರಿಸುವ ಒಪ್ಪಂದಕ್ಕೆ 2016ರಲ್ಲೇ ಸಹಿ ಬಿದ್ದಿತ್ತು. ಒಬ್ಬ ರೈತ ಬಂದು "ಇದೆಲ್ಲಿ ಐತಿ ಊರು?" ಅಂತ ಕೇಳಿದ. ಮೊಮ್ಮಗಳು ಫೋನಿನಲ್ಲೇ ನಕಾಶೆ ತೆಗೆದು ತೋರಿಸಿದಳು. ಅವನು ಸ್ವಲ್ಪ ಹೊತ್ತು ನೋಡಿ, "ಭಾಳ ದೂರ ಐತಲ್ಲ ಯವ್ವಾ" ಅಂತ ಹೇಳಿ ಹೋದ.

ಇನ್ನು ಕಲಬುರಗಿ ಯಾಕೆ ಬೆಳೆಯುತ್ತೆ ಅಂತ ಕೇಳಿದಿರಿ. ತೊಗರಿ ಇಲ್ಲಿಗೆ ಬಂದು ಬೇಳೆ ಆಗುತ್ತೆ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಗುರುತು, ಅಂದರೆ ಈ ಕಡೆಯದೇ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಈಗ ಪ್ಯಾಕೆಟ್ಟಿನ ಮೇಲೆ ಹೆಸರು ಹಾಕಿ ಬೆಂಗಳೂರಿಗೂ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಒಂದು ಕಿಲೋ ಬೇಳೆಯ ಮೇಲೆ ಮಿಲ್ಲು, ಹಮಾಲರು, ಪ್ಯಾಕಿಂಗ್, ಲಾರಿ, ಎಲ್ಲರಿಗೂ ಒಂದೊಂದು ಪಾಲು. ಆ ಪಾಲು ಎಲ್ಲ ಇಲ್ಲೇ. ನಿಮ್ಮೂರಲ್ಲಿ ಉಳಿಯೋದು ಚೀಲದ ರೇಟು ಮಾತ್ರ. ಆಸ್ಪತ್ರೆಯದ್ದೂ ಅದೇ ಕಥೆ. ಮೊದಲು ನೆಗಡಿ ಬಂದರೆ ಊರಿನ ಡಾಕ್ಟರು. ಈಗ ಫೋನಿನಲ್ಲಿ ಸ್ಟಾರ್ ನೋಡಿ ಇಲ್ಲಿಗೆ ಬಂದು ಸರದಿಯಲ್ಲಿ ನಿಲ್ಲುತ್ತಾರೆ. ಫೋನು ನಿಮ್ಮೂರಿಗೆ ಕಲಬುರಗಿಯನ್ನು ಹತ್ತಿರ ಮಾಡಿತು. ಕಲಬುರಗಿಗೆ ನಿಮ್ಮೂರಿನ ಗಿರಾಕಿಯನ್ನು ಹತ್ತಿರ ಮಾಡಿತು. ಎರಡೂ ಒಂದೇ ಅಲ್ಲ, ಅಲ್ವಾ?

ಒಂದು ಕೆಲಸ ಮಾಡಿ. ನಿಮ್ಮೂರಿನ ಕಿರಾಣಿ ಅಂಗಡಿಯವರನ್ನು ಕೇಳಿ, ಉದ್ರಿ ಪುಸ್ತಕ ದಪ್ಪ ಆಗಿದೆಯಾ ತೆಳ್ಳಗಾಗಿದೆಯಾ ಅಂತ. ಆಮೇಲೆ ಬಂದು ಬರೆಯಿರಿ. ಊರಿನ ನಾಡಿ ಅದರಲ್ಲಿದೆ.

ಗುರುಮಠಕಲ್ ಹುಡುಗಿ (ಈಗ ಬೆಂಗಳೂರು)

ಗುಮಾಸ್ತ ಕಾಕಾ, ನಿಮ್ಮದನ್ನು ಓದಿ ನನ್ನ ವಿದ್ಯಾರ್ಥಿಗಳಿಗೆ ಹಾಗೇ ಓದಿ ಹೇಳಬೇಕು ಅನ್ನಿಸಿತು. ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ.

ಕಾಕಾ ಹೇಳಿದ ಆನ್‌ಲೈನ್ ಟೆಂಡರ್ ಬಗ್ಗೆ ಒಂದು ಅಧ್ಯಯನ 2020ರಲ್ಲಿ ಬಂತು, ನಮ್ಮ ರಾಜ್ಯದ ಮಾರುಕಟ್ಟೆಗಳ ಮೇಲೆಯೇ. ಭತ್ತದ ರೇಟು ಶೇ. 5.1, ಶೇಂಗಾ 3.6, ಮೆಕ್ಕೆಜೋಳ 3.5 ಏರಿತ್ತು. ಬೇರೆ ಕೆಲವು ಮಾಲಿಗೆ ಏನೂ ಆಗಲಿಲ್ಲ. ಕಂಪ್ಯೂಟರ್ ಒಂದೇ, ಫಲ ಬೇರೆ ಬೇರೆ. ಒಂದೇ ಥರದ ಮಾಲು, ಪೈಪೋಟಿ ಇರುವ ಮಾರ್ಕೆಟ್ ಆದರೆ ಪರದೆ ಕೆಲಸ ಮಾಡುತ್ತೆ. ಕಾಳು ಕಚ್ಚಿ ನೋಡಬೇಕಾದ ಕಡೆ ಕಷ್ಟ.

ಒಳ್ಳೆಯದಾದ ಕಡೆಯೂ ಇದೆ. ಕೇರಳದ ಉತ್ತರ ಕರಾವಳಿಗೆ 1997ರಿಂದ 2001ರ ನಡುವೆ ಮೊಬೈಲ್ ಟವರ್ ಬಂದಾಗ, ಬೂತಾಯಿ ಹಿಡಿಯುವ ಮೀನುಗಾರರು ದೋಣಿಯಿಂದಲೇ ಫೋನ್ ಮಾಡಿ ಯಾವ ದಡದಲ್ಲಿ ಗಿರಾಕಿ ಇದ್ದಾರೆ ಅಂತ ಕೇಳತೊಡಗಿದರು. ಅದಕ್ಕೂ ಮೊದಲು ಒಂದು ದಡದಲ್ಲಿ ಮೀನು ಸಾಲದೆ ರೇಟು ಏರುತ್ತಿತ್ತು, ಇನ್ನೊಂದರಲ್ಲಿ ಉಳಿದ ಮೀನನ್ನು ಸಮುದ್ರಕ್ಕೇ ಚೆಲ್ಲುತ್ತಿದ್ದರು. ಫೋನ್ ಬಂದ ಮೇಲೆ ಚೆಲ್ಲೋದು ಹೆಚ್ಚುಕಮ್ಮಿ ನಿಂತಿತು. ಮೀನುಗಾರರ ಲಾಭ ಶೇ. 8 ಜಾಸ್ತಿ, ತಿನ್ನುವವರಿಗೆ ರೇಟು ಶೇ. 4 ಕಡಿಮೆ. ಇದನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. ಆದರೆ ಅವರ ಕೈಯಲ್ಲಿ ಮೀನಿತ್ತು, ದೋಣಿ ಇತ್ತು, ಯಾವ ದಡಕ್ಕೆ ಬೇಕಾದರೂ ತಿರುಗಿಸಬಹುದಿತ್ತು. ಕಾಕಾ ಹೇಳಿದ ರೈತನ ಟ್ರ್ಯಾಕ್ಟರ್ ಹಾಗೆ ತಿರುಗಲ್ಲ.

ಅಕ್ಕಾ, ನಿಮ್ಮ 61 ಮತ್ತು 3 ನೋಡಿ ನನಗೆ ಚೀನಾ ನೆನಪಾಯಿತು. ಅಲ್ಲಿ ದೊಡ್ಡ ಆನ್‌ಲೈನ್ ಕಂಪನಿಯೊಂದು ಸರ್ಕಾರದ ಜೊತೆ ಸೇರಿ ಹಳ್ಳಿಹಳ್ಳಿಗೆ ಮಾರಾಟ-ಖರೀದಿ ಕೇಂದ್ರ ತೆರೆಯಿತು. ನಿಮ್ಮ ಅಂಗಡಿ ಥರದ್ದೇ. ಸಂಶೋಧಕರು ಹೋಗಿ ಮನೆ ಮನೆ ಲೆಕ್ಕ ತೆಗೆದರು. ಹಳ್ಳಿಯವರ ಆದಾಯ ಏರಿದ ಗುರುತು ಕಾಣಲಿಲ್ಲ. ಲಾಭ ಆದದ್ದು ಕೆಲವರಿಗೆ, ಅದೂ ಕೊಳ್ಳುವಾಗ ಅಗ್ಗವಾಗಿ ಸಿಕ್ಕಿದ್ದರಿಂದ. ಆ ಕೆಲವರು ವಯಸ್ಸಿನಲ್ಲಿ ಸಣ್ಣವರು, ಸ್ವಲ್ಪ ಉಳ್ಳವರು. ಅಗ್ಗವಾಗಿ ಸಿಗೋದೂ ಲಾಭವೇ, ಅದನ್ನು ತೆಗೆದು ಹಾಕಬೇಡಿ. ಚೂಡಿದಾರಕ್ಕೆ ಅಂತ ಚಿತ್ತಾಪುರಕ್ಕೆ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳೋದು ತಪ್ಪುತ್ತಲ್ಲ.

ಮಕ್ಕಳು ಕಳಿಸುವ ದುಡ್ಡನ್ನೂ ಸಣ್ಣದು ಅಂತ ನೋಡಬೇಡಿ. ಕೆನ್ಯಾದಲ್ಲಿ 2007ರಲ್ಲಿ ಫೋನಿನಿಂದ ದುಡ್ಡು ಕಳಿಸುವ ಎಂ-ಪೆಸಾ ಶುರುವಾಯಿತು. ಅದರಿಂದ ಸುಮಾರು 1,94,000 ಮನೆಗಳು ಕಡುಬಡತನದಿಂದ ಮೇಲೆ ಬಂದವು ಅಂತ 2016ರ ಅಧ್ಯಯನ ಹೇಳಿತು. ಹೆಣ್ಣುಮಕ್ಕಳು ಮನೆ ನಡೆಸುವ ಕಡೆ ಫಲ ಜಾಸ್ತಿ. ಕಷ್ಟ ಬಂದಾಗ ದುಡ್ಡು ಅವತ್ತೇ ಬಂದರೆ ಮೇಕೆ ಮಾರಬೇಕಿಲ್ಲ, ಬಡ್ಡಿಗೆ ತರಬೇಕಿಲ್ಲ. ನಮ್ಮೂರಿನಲ್ಲೂ ಮೊದಲು ಗುಳೆ ಹೋದವರು ಹಬ್ಬಕ್ಕೆ ಬಂದಾಗ ಚಡ್ಡಿ ಜೇಬಿನಲ್ಲಿ ಹೊಲಿದುಕೊಂಡು ತರುತ್ತಿದ್ದರು. ಈಗ ಶನಿವಾರ ಬಟವಾಡೆ ಆದ ರಾತ್ರಿಯೇ ಬರುತ್ತೆ. ನನ್ನ ಸಂಬಳದ ಪಾಲೂ ತಿಂಗಳಿಗೊಮ್ಮೆ ಹಾಗೇ ಹೋಗುತ್ತೆ. ನಾನು ಹೋಗೋದು ಮಾತ್ರ ವರ್ಷಕ್ಕೊಮ್ಮೆ.

ಒಂದು ಸಿಟ್ಟನ್ನೂ ಹೇಳಿಬಿಡುತ್ತೇನೆ. ಉದ್ಯೋಗ ಖಾತ್ರಿ ಕೆಲಸದ ಹಾಜರಿ 2023ರ ಜನವರಿಯಿಂದ ಆ್ಯಪಿನಲ್ಲೇ ಅಂತ ಆಯಿತು. ದಿನಕ್ಕೆ ಎರಡು ಫೋಟೋ. ನಮ್ಮ ಸೋದರತ್ತೆ ಕೆರೆ ಹೂಳು ಎತ್ತಿ, ಫೋಟೋ ಅಪ್‌ಲೋಡ್ ಆಗಲಿಲ್ಲ ಅಂತ ಎರಡು ದಿನದ ಕೂಲಿ ಕಳೆದುಕೊಂಡಳು. ಬೆಂಗಳೂರಿನಲ್ಲಿ ನೆಟ್ ಹೋದರೆ ಸಿನಿಮಾ ನಿಲ್ಲುತ್ತೆ. ಅಲ್ಲಿ ನೆಟ್ ಹೋದರೆ ಆ ದಿನದ ಊಟ ಹೋಗುತ್ತೆ.

ಚೌಬಾರಾ ಕಾರೀಗರ್ (ಬೀದರ್)

ನಮ್ಮ ಮನೆ ಬಿದರಿ ಕೆಲಸದ್ದು. ಮಾರುವವರ ಕಡೆಯಿಂದ ನಾಲ್ಕು ಮಾತು.

ಜಸ್ತಾ (ಸತು) ಮತ್ತು ತಾಮ್ರ ಕೂಡಿಸಿ ಎರಕ ಹೊಯ್ಯುತ್ತೇವೆ. ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿ ಬಡಿಯುತ್ತೇವೆ, ಅದಕ್ಕೆ ತಾರ್‌ಕಶಿ ಅನ್ನುತ್ತೇವೆ. ಕಡೆಗೆ ಕೋಟೆಯ ಮಣ್ಣಿಗೆ ನವಸಾಗರ ಹಾಕಿ ಕುದಿಸಿ ತಿಕ್ಕಿದರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. 2006ರಿಂದ ಇದಕ್ಕೆ ಜಿಐ ಇದೆ. 2023ರಲ್ಲಿ ನಮ್ಮೂರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಓಣಿಯಲ್ಲಿ ಸಿಹಿ ಹಂಚಿದರು.

ಫೋನ್ ಬಂದ ಮೇಲೆ ನಮಗೆ ನಡುವಿನವರು ಕಡಿಮೆ ಆದರು. ಹೈದರಾಬಾದಿನ ಅಂಗಡಿಯವರಿಗೆ ಕೊಟ್ಟರೆ ಅವರು ಹೇಳಿದ್ದೇ ರೇಟು. ಈಗ ಗಿರಾಕಿ ನೇರವಾಗಿ ಮೆಸೇಜ್ ಮಾಡಿ "ಭಾಯ್, ಹೂದಾನಿ ಇದೆಯಾ" ಅಂತ ಕೇಳುತ್ತಾರೆ. ಇದು ದೊಡ್ಡ ಮಾತು.

ತೊಂದರೆ ಏನು ಅಂದರೆ, ಫೋಟೋದಲ್ಲಿ ಬೆಳ್ಳಿ ತಂತಿ ಬಡಿದದ್ದೂ, ಬಿಳಿ ಬಣ್ಣ ಅಚ್ಚೊತ್ತಿದ್ದೂ ಒಂದೇ ಥರ ಕಾಣುತ್ತೆ. ನಾವು ಎಂಟು ದಿನ ಕೂತು ಮಾಡಿದ ಡಬ್ಬಿಯ ಪಕ್ಕದಲ್ಲೇ ನಕಲಿ ಡಬ್ಬಿ, ಕಾಲು ಭಾಗದ ರೇಟಿಗೆ. ಹೆಸರು ಎರಡಕ್ಕೂ ಬಿದರಿ. ಗಿರಾಕಿ ತಪ್ಪಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನಾನು ಈಗ ಬಡಿಯುವ ವಿಡಿಯೋ ತೆಗೆದು ಮೊದಲೇ ಕಳಿಸುತ್ತೇನೆ. ಸುತ್ತಿಗೆ ಸದ್ದು ಕೇಳಿದವರು ಚೌಕಾಸಿ ಕಡಿಮೆ ಮಾಡುತ್ತಾರೆ, ಇದು ನನ್ನ ಅನುಭವ.

ಅಕ್ಕಾ, ನಿಮ್ಮೂರಿನಲ್ಲಿ ಬೇರೆ ಕಡೆ ಸಿಗದ ಸಾಮಾನು ಏನಿದೆ? ಅದು ಗೊತ್ತಾದರೆ ನಿಮ್ಮ 3 ಹೆಚ್ಚುತ್ತೆ. ಅದು ಇಲ್ಲದಿದ್ದರೆ ಎಷ್ಟು ಜೋರಿನ ನೆಟ್ ಬಂದರೂ 61 ಹೋಗಿ 90 ಆಗುತ್ತೆ ಅಷ್ಟೇ.

ಜೆರಾಕ್ಸ್ ಅಕ್ಕ (ಚಿತ್ತಾಪುರ ತಾಲೂಕು)

ನಾಲ್ಕು ದಿನ ಬರೆಯಲಾಗಲಿಲ್ಲ. ಬೆಳೆ ವಿಮೆಯ ಕೊನೇ ದಿನ ಹತ್ತಿರ ಬಂದಿತ್ತು, ಅಂಗಡಿ ಮುಂದೆ ಜಾತ್ರೆ. ಸರ್ವರ್ ಬೆಳಗ್ಗೆ ಹತ್ತಕ್ಕೆ ಮಲಗಿದರೆ ಸಂಜೆ ಏಳೋದು. ಕಲ್ಲಿನ ಗಣಿಯಲ್ಲಿ ದುಡಿದ ಮುದುಕರ ಹೆಬ್ಬೆಟ್ಟು ಮಶೀನಿಗೆ ಹತ್ತಲ್ಲ. ಶಹಾಬಾದ್ ಕಲ್ಲು ಎತ್ತಿ ಎತ್ತಿ ಗೆರೆಯೇ ಸವೆದು ಹೋಗಿದೆ. ಕೊಬ್ಬರಿ ಎಣ್ಣೆ ಹಚ್ಚಿ, ಒರೆಸಿ, ಹತ್ತೂ ಬೆರಳು ಒತ್ತಿಸಿ ನೋಡುತ್ತೇನೆ. ನಾಲ್ಕನೇ ಸಲಕ್ಕೆ ಹಸಿರು ಲೈಟ್ ಬಂದರೆ ಅವರಿಗಿಂತ ನನಗೇ ಖುಷಿ.

ಗುಮಾಸ್ತ ಅಣ್ಣಾವ್ರು ಹೇಳಿದ ಹಾಗೆ ಕಿರಾಣಿ ಅಂಗಡಿಗೆ ಹೋಗಿದ್ದೆ. ಮೊದಲು ಅವರು ಪುಸ್ತಕ ತೋರಿಸಲಿಲ್ಲ. ಚಹಾ ಕುಡಿದ ಮೇಲೆ ತೆಗೆದರು. ಒಂದು ಪುಸ್ತಕ ಇದ್ದದ್ದು ಈಗ ಎರಡಾಗಿದೆ. ಅವರ ಮಾತು ಹೀಗಿತ್ತು: "ಕೈಯಾಗ ರೊಕ್ಕ ಇದ್ದಾಗ ಫೋನಿನ್ಯಾಗ ತರಿಸ್ತಾರ. ರೊಕ್ಕ ಮುಗದ ಮ್ಯಾಲ ನನ್ನ ಕಡಿ ಬರ್ತಾರ. ಸೋಪು, ಶಾಂಪೂ, ಬಟ್ಟಿ, ಚಪ್ಪಲ್ ಎಲ್ಲಾ ಪಾರ್ಸೆಲ್. ಅಕ್ಕಿ, ಎಣ್ಣಿ, ಉದ್ರಿ ಎಲ್ಲಾ ನಂದು." ಲಾಭ ಇರುವ ಸಾಮಾನೆಲ್ಲ ಹೋಗಿ, ಲಾಭ ಇಲ್ಲದ್ದು ಮತ್ತು ಉದ್ರಿ ಅವರ ಪಾಲಿಗೆ ಉಳಿದಿದೆ. ಅವರು ಅಂಗಡಿ ಮುಚ್ಚಿದರೆ ತಿಂಗಳ ಕೊನೇ ವಾರ ಊರು ಏನು ತಿನ್ನುತ್ತೆ ಅಂತ ಯೋಚನೆ ಬಂತು. ಆ 61 ಪಾರ್ಸೆಲ್ ಇಳಿಸಿಕೊಂಡದ್ದು ನಾನೇ, ಒಂದೊಂದಕ್ಕೂ ನಂಗೂ ಕಮಿಷನ್ ಬಂದಿದೆ. ಹೇಳಿಕೊಳ್ಳೋಕೆ ಸ್ವಲ್ಪ ಮುಜುಗರ.

ಗುರುಮಠಕಲ್ ತಂಗಿ ಹೇಳಿದ್ದೂ ಸರಿ. ಮೊನ್ನೆ ಒಬ್ಬಳಿಗೆ ರಾತ್ರಿ ಹೆರಿಗೆ ನೋವು. ಗಂಡ ಪುಣೆಯಲ್ಲಿ. ಅಲ್ಲಿಂದ ಅವನು ಹಾಕಿದ ಮೂರು ಸಾವಿರ, ನಾನು ಅಂಗಡಿ ತೆಗೆದು ಕೊಟ್ಟೆ. ಎಸ್‌ಟಿಡಿ ಕಾಲದಲ್ಲಿ ಇದೇ ಆಗಿದ್ದರೆ ಸುದ್ದಿ ಮಾತ್ರ ಮುಟ್ಟುತ್ತಿತ್ತು, ದುಡ್ಡು ಮುಟ್ಟುತ್ತಿರಲಿಲ್ಲ.

ಕಲಬುರಗಿಗೆ ಹೋಗಲ್ಲ ಅಂತ ತಂಗಿ ಮಗನಿಗೆ ಹೇಳಿಬಿಟ್ಟೆ. ಅವನಿಗೆ ಬೇಜಾರಾಯಿತು. ಸಾಲ ಮಾಡದೆ ಒಂದು ಇನ್ವರ್ಟರ್ ಮಾತ್ರ ತರುತ್ತೇನೆ, ಕರೆಂಟ್ ಹೋದಾಗ ಜನ ಕಾಯೋದು ತಪ್ಪಲಿ.

ಬೀದರ್ ಅಣ್ಣನ ಪ್ರಶ್ನೆಗೆ ಎರಡು ರಾತ್ರಿ ಯೋಚಿಸಿದೆ. ಬೇರೆ ಕಡೆ ಸಿಗದ ಸಾಮಾನು ನಮ್ಮೂರಲ್ಲಿ ಏನೂ ಇಲ್ಲ ಅಂತ ಮೊದಲು ಅನ್ನಿಸಿತು. ಆಮೇಲೆ ಆ ಶೇಂಗಾ ಹಿಂಡಿ ಪಾರ್ಸೆಲ್ ನೆನಪಾಯಿತು. ಅದನ್ನು ತಿಂದ ಮಗನ ರೂಮಿನ ಮೂವರು ನಮಗೂ ಬೇಕು ಅಂದರಂತೆ. ಆ ತಾಯಿ ನನ್ನ ಹತ್ತಿರ ಬಂದು "ರೊಟ್ಟಿನೂ ಕಳಸಬಹುದೇನ?" ಅಂತ ಕೇಳಿದಳು. ನಮ್ಮ ಓಣಿಯಲ್ಲಿ ಮೂವರು ಖಡಕ್ ರೊಟ್ಟಿ ಬಡಿಯುತ್ತಾರೆ, ಮದುವೆ ಮನೆಗಳಿಗೆ ಕೊಡುತ್ತಾರೆ. ಮೊದಲ ಸಲ 25 ರೊಟ್ಟಿ ಕಟ್ಟಿ ಕಳಿಸಿದೆವು. ಬೆಂಗಳೂರಿಗೆ ಮುಟ್ಟಿದಾಗ ಅದು ರೊಟ್ಟಿ ಆಗಿರಲಿಲ್ಲ, ಪುಡಿ ಆಗಿತ್ತು. ಫೋಟೋ ಕಳಿಸಿದರು. ನಕ್ಕೆವು, ಆದರೆ ಕೊರಿಯರ್ ದುಡ್ಡು ದಂಡ.

ರೊಟ್ಟಿ ಮುರಿಯದ ಹಾಗೆ ಕಟ್ಟೋದು ಹೇಗೆ? ಯಾರಿಗಾದರೂ ಗೊತ್ತಾ?

ಗಂಜ್ ಗುಮಾಸ್ತ (ಕಲಬುರಗಿ)

ಇಲ್ಲಿ ಜಿಲ್ಲಾಡಳಿತ "ಕಲಬುರಗಿ ರೊಟ್ಟಿ" ಅಂತ ಹೆಸರಿಟ್ಟು ಸ್ವಸಹಾಯ ಸಂಘದ ಹೆಣ್ಣುಮಕ್ಕಳ ರೊಟ್ಟಿ ಮಾರಿಸುತ್ತಿದೆ. 2025ರ ಜೂನ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಅದರ ಮಾತು ಆಡಿದರು, ದಿನಕ್ಕೆ ಮೂರು ಸಾವಿರಕ್ಕೂ ಜಾಸ್ತಿ ರೊಟ್ಟಿ ಅಂತ. ನಿಮ್ಮ ಮೂವರೂ ಸಂಘದಲ್ಲಿದ್ದರೆ ಅಲ್ಲಿ ಹೋಗಿ ವಿಚಾರಿಸಿ. ಕಟ್ಟುವ ಹದ ಅವರಿಗೆ ಗೊತ್ತಿರುತ್ತೆ.

ನನ್ನ ಹೆಂಡತಿ ಹೇಳುತ್ತಿದ್ದಾಳೆ, ಬರೆದುಕೊಳ್ಳಿ. ರೊಟ್ಟಿ ಒಂದು ದಿನ ಪೂರ್ತಿ ಆರಬೇಕು, ಬಿಸಿ ಇದ್ದಾಗ ಕಟ್ಟಿದರೆ ಬೆವರುತ್ತೆ. ಎಲ್ಲ ಒಂದೇ ಅಳತೆ ಇರಬೇಕು, ಒಂದು ದೊಡ್ಡದಿದ್ದರೆ ಅದರ ಅಂಚು ಮೊದಲು ಮುರಿಯುತ್ತೆ. ಹತ್ತು ಹತ್ತರ ಕಟ್ಟು ಮಾಡಿ. ಮೇಲೆ ಕೆಳಗೆ ರಟ್ಟನ್ನು ರೊಟ್ಟಿಯಷ್ಟೇ ದುಂಡಗೆ ಕತ್ತರಿಸಿ ಇಡಿ. ಡಬ್ಬದೊಳಗೆ ಸಂದಿ ಇರಬಾರದು, ಹಳೇ ಪೇಪರ್ ತುರುಕಿ. ಡಬ್ಬ ಅಲ್ಲಾಡಿಸಿದರೆ ಸದ್ದು ಬರಬಾರದು. ಬಂದರೆ ಬಿಚ್ಚಿ ಮತ್ತೆ ಕಟ್ಟಬೇಕು.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿದರೆ ಮೊದಲ ಕಟ್ಟು ನಮ್ಮ ಮನೆಗೆ. ದುಡ್ಡು ಮೊದಲೇ ಹಾಕುತ್ತೇನೆ, ಉದ್ರಿ ಬೇಡ.